ಕೊನೆಯ ಸ್ಟೇಶನ್ನಿನ ಬಾಟಲಿ

ಕಾಯತಾನ ಸಿದ್ದಿ ಸಮುದ್ರವನ್ನು ಮೊದಲ ಸಲ ನೋಡಿದಾಗ ಅವನ ವಯಸ್ಸು ಮೂವತ್ತು ದಾಟಿತ್ತು. ನೋಡಿ ಅವನಿಗೆ ಏನೂ ಅನ್ನಿಸಲಿಲ್ಲ. ಅಳ್ನಾವರದಿಂದ ವಾಸ್ಕೋದವರೆಗೆ ರೈಲಿನಲ್ಲಿ ನಿಂತುಕೊಂಡೇ ಬಂದಿದ್ದ. ಮೊದಲು ಎಲ್ಲಾದರೂ ಬೆನ್ನು ನೆಲಕ್ಕೆ ತಾಗಿಸಿದರೆ ಸಾಕಾಗಿತ್ತು.

ಅವನದು ಹಳಿಯಾಳದಿಂದ ಯಲ್ಲಾಪುರದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಕಾಡೊಳಗೆ ನಡೆದು ಸೇರಬೇಕಾದ ಸಣ್ಣ ಕೇರಿ. ಒಂದು ತುಂಡು ಗದ್ದೆ, ಹೆಂಡತಿ ಕಾತರಿನಾ, ಎರಡು ಎಮ್ಮೆ. ಗದ್ದೆಯ ಕೆಲಸ ಮುಗಿದ ಮೇಲೆ ಕಾಡಿನಲ್ಲಿ ಬಿದಿರು ಕಡಿದು ದಾಂಡೇಲಿಯ ಕಾಗದದ ಗಿರಣಿಗೆ ಹೋಗುವ ಲಾರಿಗಳಿಗೆ ತುಂಬುತ್ತಿದ್ದ. 1972ರಲ್ಲಿ ಆ ಭಾಗದ ಬಿದಿರು ಹೂ ಬಿಟ್ಟು ಒಣಗಿತು. ಕೆಲಸವೂ ನಿಂತಿತು. ಪಕ್ಕದೂರಿನ ಲಾಡಸಾಬ, ಅವನೂ ಸಿದ್ದಿಯೇ, ಆಗಲೇ ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಬೆನ್ನು ಹಿಡಿದು ಕಾಯತಾನನೂ ಹೊರಟ.

ಬಂದರಿನ ಒಂದು ಬದಿಗೆ ಬಿಳಿ ಬಣ್ಣ ಬಳಿದ ಚಿಕ್ಕ ಹಡಗೊಂದು ನಿಲ್ಲುತ್ತಿತ್ತು. ಅದು ಸಮುದ್ರದ ಅಧ್ಯಯನ ಮಾಡುವ ಒಂದು ಸಂಸ್ಥೆಯದು. ಬಲೆ ಎಳೆಯಲು ರಟ್ಟೆ ಗಟ್ಟಿಯಿದ್ದ ಇಬ್ಬರು ಬೇಕು ಅಂದರು. ಮಳೆಗಾಲ ಮುಗಿದ ಮೇಲೆ ಶುರುವಾಗಿ ಮುಂದಿನ ಮಳೆ ಬರುವ ಮೊದಲು ಮುಗಿಯುವ ಕೆಲಸ. ಮಳೆಗಾಲದಲ್ಲಿ ಊರಿಗೆ ಹೋಗಿ ಗದ್ದೆ ಮಾಡಬಹುದು. ಇಬ್ಬರೂ ಒಪ್ಪಿದರು.

ಹಡಗಿನಲ್ಲಿ ಆಳದ ನೀರಿಗೆ ಇಳಿಸುವ ಬಲೆಗಳಿಗೆ ಯಂತ್ರವಿತ್ತು. ಕಾಯತಾನನ ಪಾಲಿಗೆ ಬಂದದ್ದು ಯಂತ್ರವಿಲ್ಲದ ಬಲೆ. ಅಗಲ ಬಾಯಿಯ ಕಬ್ಬಿಣದ ಚೌಕಟ್ಟು, ಎರಡೂ ಬದಿಗೆ ತೇಲುವ ಮರದ ಹಲಗೆ, ಹಿಂದೆ ತೆಳ್ಳನೆಯ ಜರಡಿಬಟ್ಟೆಯ ಉದ್ದ ಚೀಲ. ಹಡಗು ಮೆಲ್ಲಗೆ ಸಾಗುವಾಗ ಈ ಬಲೆ ನೀರಿನ ಮೇಲಿನ ಒಂದು ಗೇಣನ್ನು ಮಾತ್ರ ಕೆರೆದುಕೊಂಡು ಬರುತ್ತಿತ್ತು. ಅದನ್ನು ಇಳಿಸುವುದು, ಹಗ್ಗ ಹಿಡಿದು ನಿಲ್ಲುವುದು, ಮೇಲೆಳೆಯುವುದು ಎಲ್ಲ ಕೈಯಿಂದಲೇ. ಸ್ಟೇಶನ್ ಎಂದು ಕರೆಯುತ್ತಿದ್ದ ಒಂದೊಂದು ಗೊತ್ತಾದ ಜಾಗದಲ್ಲೂ ಈ ಕೆಲಸ ಆಗಬೇಕು. ನಸುಕಿನಲ್ಲೊಮ್ಮೆ, ಹೊತ್ತು ಮುಳುಗುವಾಗ ಇನ್ನೊಮ್ಮೆ. ನಡುವೆ ಹಗ್ಗ ಒಣಗಿಸುವುದು, ಬಲೆ ತೊಳೆಯುವುದು, ಬಾಟಲಿ ಜೋಡಿಸುವುದು. ನಿದ್ದೆ ತುಂಡು ತುಂಡಾಗಿ ಸಿಗುತ್ತಿತ್ತು. ಪ್ರತಿ ವರ್ಷವೂ ಮೊದಲ ಕೆಲವು ದಿನ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಎಷ್ಟು ವರ್ಷ ಕಳೆದರೂ ಅದು ರೂಢಿಯಾಗಲಿಲ್ಲ.

ಚೀಲದ ತುದಿಯಲ್ಲಿ ಉಳಿಯುತ್ತಿದ್ದುದು ಅಕ್ಕಿನುಚ್ಚಿನ ಗಾತ್ರದ ಹುಳಗಳು. ಕೋಪಿಪಾಡ್ ಎಂದು ಅವುಗಳ ಹೆಸರು, ಸೀಗಡಿಯ ದೂರದ ನೆಂಟರು. ಬಲೆ ಹತ್ತಿರವಾಗುತ್ತಿದ್ದಂತೆ ಅವು ನೀರಿನಿಂದ ಮೇಲಕ್ಕೆ ಚಿಮ್ಮುತ್ತಿದ್ದವು, ಕೆಳಗಿನಿಂದ ಮೇಲಕ್ಕೆ ತುಂತುರು ಮಳೆ ಬಂದ ಹಾಗೆ. ಕಾಯತಾನ ಅವನ್ನು ಬಾಟಲಿಗೆ ತೊಳೆದು ಹಾಕಿ, ಕೆಡದಿರಲೆಂದು ಕಣ್ಣುರಿಸುವ ಫಾರ್ಮಲಿನ್ ಸುರಿದು, ಸ್ಟೇಶನ್ನಿನ ಚೀಟಿ ಕಟ್ಟುತ್ತಿದ್ದ.

ಆ ಬಾಟಲಿಗಳಿಗಾಗಿ ಹಡಗು ಕಟ್ಟುವ ದಕ್ಕೆಯ ಮೇಲೆ ಕಾಯುತ್ತಿದ್ದವರು ಗುರುಬಸವ್ವ. ಧಾರವಾಡದ ಹೆಣ್ಣುಮಗಳು, ಪ್ರಾಣಿಶಾಸ್ತ್ರ ಓದಿ ಆ ಸಂಸ್ಥೆಗೆ ಸೇರಿದವರು. ಮದುವೆಯಾಗಿರಲಿಲ್ಲ. ದೂರದ ಯಾನಕ್ಕೆ ಹೆಂಗಸರನ್ನು ಆ ಹಡಗಿಗೆ ಹತ್ತಿಸುತ್ತಿರಲಿಲ್ಲ. ಮಲಗಲು ಬೇರೆ ಕೋಣೆಯಿಲ್ಲ ಎಂದು ಕಾರಣ ಹೇಳುತ್ತಿದ್ದರು. ಹೀಗಾಗಿ ಅವರ ಸಮುದ್ರವೆಲ್ಲ ಬಾಟಲಿಯಲ್ಲೇ ಬರಬೇಕಾಗಿತ್ತು. ಮೊದಲ ವರ್ಷ ಪೆಟ್ಟಿಗೆ ಇಳಿಸುವಾಗ ಕಾಯತಾನ ಲಾಡಸಾಬನಿಗೆ ಏನೋ ಅಂದದ್ದು ಅವರ ಕಿವಿಗೆ ಬಿತ್ತು.

"ಯಾವೂರವ್ರು ನೀವು?" ಎಂದು ಕೇಳಿದರು.

"ಹಳಿಯಾಳ ಕಡೇವ್ರು ಅದೇವ್ರಿ, ಬಾಯಾರ."

"ಹೌದೇನು? ನಮ್ಮಣ್ಣ ದಾಂಡೇಲಿ ಮಿಲ್ಲಿನ್ಯಾಗ ಕೆಲಸಕ್ಕ ಅದಾನ. ಈ ಊರಾಗ ನಮ್ಮ ಮಾತು ಕೇಳಿ ಎಷ್ಟು ದಿವಸ ಆಗಿತ್ತು."

ಅಂದಿನಿಂದ ಬಾಟಲಿಗಳ ಪೆಟ್ಟಿಗೆಯನ್ನು ಅವರ ಕೋಣೆಯವರೆಗೆ ಹೊತ್ತುಕೊಂಡು ಹೋಗುವುದು ಕಾಯತಾನನ ಕೆಲಸವಾಯಿತು. ಅವರು ಚಹಾ ತರಿಸುತ್ತಿದ್ದರು, ಊರ ಸುದ್ದಿ ಕೇಳುತ್ತಿದ್ದರು. ಒಮ್ಮೆ ಅವನು ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟ.

"ಬಾಯಾರ, ಇವನ್ನ ಯಾಕ ಹಿಡೀತೀವ್ರಿ? ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ."

"ಸಮುದ್ರದಾಗಿನ ನೀರೆಲ್ಲಾ ಒಂದ ಅಂತ ತಿಳಕೊಂಡೀಯೇನು?" ಎಂದರು ಗುರುಬಸವ್ವ. "ಬಂಗಾಲದ ಕೊಲ್ಲಿಗೆ ದೊಡ್ಡ ದೊಡ್ಡ ಹೊಳಿ ಕೂಡ್ತಾವು. ಅದಕ್ಕ ಅಲ್ಲಿ ನೀರಿಗೆ ಉಪ್ಪು ಕಡಿಮಿ. ಚಳಿಗಾಲದಾಗ ಆ ನೀರು ಸಿಂಹಳ ಬಳಸಿ, ಕೇರಳದ ದಂಡಿ ಹಿಡಕೊಂಡು ನಮ್ಮ ಕಡೆ ಬರ್ತೈತಿ. ಅದರಾಚೆ ಅರಬ್ಬಿ ಸಮುದ್ರದ ಖರೇ ಉಪ್ಪುನೀರು. ಕಣ್ಣಿಗೆ ಎರಡೂ ಒಂದ ಥರ. ಆದರ ಈ ಹುಳದಾಗ ಒಂದು ಜಾತಿ ಆ ನೀರಾಗ ಅಷ್ಟ ಬದಕ್ತೈತಿ, ಇನ್ನೊಂದು ಜಾತಿ ಈ ನೀರಾಗ ಅಷ್ಟ. ಯಾವ ಹುಳ ಸಿಕ್ಕೈತಿ ನೋಡಿದರ ಯಾವ ನೀರು ಎಲ್ಲಿತನಕ ಬಂದೈತಿ ಅಂತ ತಿಳೀತೈತಿ."

"ಹಂಗಾದರ ಎಲ್ಲಿ ಹಿಡದ್ವಿ ಅನ್ನೂದು ದೊಡ್ಡದಾತು."

"ಅದ ದೊಡ್ಡದು. ಹುಳದ ಜಾತಿ ನಾ ಗುರ್ತು ಹಿಡೀತೇನಿ. ಎಲ್ಲಿಂದ ಬಂತು ಅನ್ನೂದು ನಿಮ್ಮ ಚೀಟಿನ ನನಗ ಹೇಳಬೇಕು."

ಇನ್ನೊಂದು ಸಲ ಅವರು ಹುಳಗಳ ಬಣ್ಣ ಕೇಳಿದರು. ಫಾರ್ಮಲಿನ್ ಬಿದ್ದ ಮೇಲೆ ಅವು ಮಾಸಲು ಕೆಂಪಾಗಿ ಆಮೇಲೆ ಬಿಳಚಿಕೊಳ್ಳುತ್ತಿದ್ದವು, ಅವರು ಕಂಡದ್ದು ಅಷ್ಟೇ. ಜೀವವಿದ್ದಾಗ ಅಚ್ಚ ನೀಲಿ, ಬಟ್ಟೆಗೆ ಹಾಕುವ ನೀಲಿಯ ಹಾಗೆ ಎಂದು ಕಾಯತಾನ ಹೇಳಿದ. ಅವರು ತಲೆಯಾಡಿಸಿ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು.

ಹೀಗೆ ಆರು ಚಳಿಗಾಲ ಹೋದವು. ಕಾಯಂ ಮಾಡುತ್ತೇವೆ ಎಂದು ಸಂಸ್ಥೆಯವರು ಪ್ರತಿ ಸಲ ಹೇಳುತ್ತಿದ್ದರು, ಪ್ರತಿ ಸಲ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಕಾಯತಾನನ ಬಲಭುಜದಲ್ಲಿ ಒಂದು ನೋವು ಸೇರಿಕೊಂಡಿತು. ಊರಿಗೆ ಬಂದರೆ ನೆಲ ತೂಗಿದಂತಾಗುತ್ತಿತ್ತು, ಹಡಗಿಗೆ ಹೋದರೆ ಊರಿನ ಕೆಲಸ ತಲೆಯೊಳಗೆ ತಿರುಗುತ್ತಿತ್ತು.

1979ರ ಫೆಬ್ರುವರಿ ಯಾನ ಹೊರಡುವ ಮುಂಚಿನ ದಿನ ಲಾಡಸಾಬನಿಗೆ ಜ್ವರ ಬಂತು. ಬದಲಿ ಆಳು ಸಿಗಲಿಲ್ಲ. ಇಬ್ಬರು ಎಳೆಯುವ ಬಲೆಯನ್ನು ಕಾಯತಾನ ಒಬ್ಬನೇ ನೋಡಿಕೊಳ್ಳಬೇಕಾಯಿತು. ದಂಡೆಯಿಂದ ಹೊರಟು ನೇರ ಪಡುವಣಕ್ಕೆ, ಆಳ ಸಮುದ್ರದ ಕಡೆಗೆ ಸ್ಟೇಶನ್ನುಗಳ ಸಾಲಿತ್ತು. ದಂಡೆ ಹತ್ತಿರ ಹುಳ ಸಿಕ್ಕಾಪಟ್ಟೆ ಸಿಕ್ಕವು. ಒಂದು ಬಾಟಲಿಗೆ ಹಿಡಿಸದೆ ಹೆಚ್ಚಾದದ್ದನ್ನು ಇನ್ನೊಂದಕ್ಕೆ ತುಂಬಿ, ಚೀಟಿ ಕಟ್ಟದೆ ಬದಿಗಿಟ್ಟ. ಮುಂದೆ ಸಾಗಿದಂತೆ ಗಾಳಿ ಎದ್ದಿತು. ಬಲೆಯ ಮೇಲೆ ಕಣ್ಣಿಡಬೇಕಾದ ತರುಣ ಅಧಿಕಾರಿ ವಾಂತಿ ಮಾಡಿಕೊಂಡು ಮಲಗಿದವನು ಏಳಲೇ ಇಲ್ಲ. ಚೌಕಟ್ಟು ಅಲೆಗೆ ಸಿಕ್ಕಿ ಮಗುಚುತ್ತಿತ್ತು. ಹಗ್ಗ ಅಂಗೈ ಸುಲಿದಿತ್ತು. ಆದರೂ ಒಂದೊಂದೇ ಸ್ಟೇಶನ್ ಮಾಡುತ್ತ ಹೋದ.

ಕೊನೆಯ ಸ್ಟೇಶನ್ ತಲುಪಿದಾಗ ನಸುಕು ಹರಿಯುತ್ತಿತ್ತು. ಹಡಗು ನಿಧಾನ ಮಾಡಿತು. ಕಾಯತಾನ ಬಲೆಯ ಹತ್ತಿರ ಹೋಗಿ ಚೌಕಟ್ಟಿನ ಮೇಲೆ ಕೈಯಿಟ್ಟ. ಎತ್ತಲು ಭುಜ ಒಪ್ಪಲಿಲ್ಲ. ಅಲ್ಲೇ ಕುಳಿತ. ಕೂತವನ ಕಣ್ಣಿಗೆ ಪೆಟ್ಟಿಗೆಯ ಮೂಲೆಯಲ್ಲಿದ್ದ ಆ ಚೀಟಿಯಿಲ್ಲದ ಬಾಟಲಿ ಬಿತ್ತು. ನುಚ್ಚಿಗೂ ನುಚ್ಚಿಗೂ ಏನು ಫರಕು ಅನ್ನಿಸಿತು ಅವನಿಗೆ. ಕೊನೆಯ ಸ್ಟೇಶನ್ನಿನ ಚೀಟಿಯನ್ನು ಅದಕ್ಕೆ ಕಟ್ಟಿದ. ಬಲೆ ಮೇಲೆ ಬಂತು ಎಂದು ಮೇಲಿನವರಿಗೆ ಕೂಗಿ ಹೇಳಿ, ಹಗ್ಗದ ಸುರುಳಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಹಡಗು ದಂಡೆಗೆ ತಿರುಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಏಪ್ರಿಲ್‌ನಲ್ಲಿ ಗುರುಬಸವ್ವ ಹೇಳಿಕಳಿಸಿದರು. ಅವನು ಹೋದಾಗ ಅವರ ಮುಖದಲ್ಲಿ ಅವನು ಎಂದೂ ಕಾಣದ ಕಳೆಯಿತ್ತು.

"ಬಾ ಇಲ್ಲಿ, ನೀನ ನೋಡು," ಎಂದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. ಕಾಲು, ಮೀಸೆ, ಕಣ್ಣು ಎಲ್ಲವೂ ಇದ್ದ ಒಂದು ಹುಳ ಅಂಗೈಯಗಲ ಕಂಡಿತು.

"ಇದು ಬಂಗಾಲದ ನೀರಿನ ಹುಳ. ಎಲ್ಲಿ ಸಿಕ್ಕೈತಿ ಗೊತ್ತೇನು? ನೀ ತಂದ ಕೊನೀ ಸ್ಟೇಶನ್ನಿನ ಬಾಟ್ಲಿಯೊಳಗ."

ಕಾಯತಾನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ.

"ಅಲ್ಲಿ ನೀರಿನ ಉಪ್ಪು ಅಳದಾರ, ಅದು ಅರಬ್ಬಿ ಸಮುದ್ರದ್ದ ಅಂತ ಬಂದೈತಿ. ಆದರ ಅವರು ನೀರು ತಗೊಳ್ಳೂದು ಕೆಳಗಿಂದ. ಬಂಗಾಲದ ನೀರು ಹಗರ ನೋಡು, ತೆಳ್ಳಗ ಮ್ಯಾಲೆ ಹಾಸಿಕೊಂಡು ಅಷ್ಟು ದೂರ ಹೋಗಿರಬೇಕು. ಅವರ ಅಳತಿಗೆ ಸಿಗಲಾರದ್ದು ಮ್ಯಾಲಿನ ಗೇಣಿನ್ಯಾಗ ಬದುಕೂ ಹುಳಕ್ಕ ಸಿಕ್ಕೈತಿ. ಸಪ್ಟೆಂಬರದಾಗ ದೊಡ್ಡ ಸಭಾ ಐತಿ. ಅಲ್ಲಿ ಇದನ್ನ ಹೇಳಾಕಿ ಅದೇನಿ."

ಹೊರಗೆ ಬಂದು ಅವನು ನಲ್ಲಿಯ ಕೆಳಗೆ ಮುಖ ತೊಳೆದುಕೊಂಡ. ತಿರುಗಿ ಒಳಗೆ ಹೋಗಬೇಕು ಅಂದುಕೊಂಡ. ಹೋಗಲಿಲ್ಲ. ಮೇ ಕೊನೆಗೆ ಊರಿಗೆ ಬಂದ.

ಮಳೆ ಹಿಡಿಯಿತು. ಗದ್ದೆಯಲ್ಲಿ ನಾಟಿ ಶುರುವಾಯಿತು. ಎಷ್ಟೋ ತಿಂಗಳ ನಿದ್ದೆ ಬಾಕಿಯಿದ್ದರೂ ಮಲಗಿದರೆ ಕಣ್ಣು ಕೂಡುತ್ತಿರಲಿಲ್ಲ. ಉಂಡದ್ದು ರುಚಿಸುತ್ತಿರಲಿಲ್ಲ. ಕಾತರಿನಾ ಕೆಲವು ದಿನ ಸುಮ್ಮನೆ ನೋಡಿದಳು. ಒಂದು ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಾಗ ಕೇಳಿದಳು.

"ಏನಾಗೈತಿ ನಿನಗ? ಸಸಿ ಹಚ್ಚೂದು ನೋಡಿದರ ಯಾರದೋ ಗದ್ದಿ ಅನ್ನೂ ಹಂಗ ಹಚ್ಚಾಕತ್ತೀ."

ಅವನು ಹೇಳಿದ. ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಯಿತು, ಯಾಕೆಂದರೆ ಎರಡು ನೀರಿನ ಸಂಗತಿ ಅವಳಿಗೆ ಮೊದಲಿಂದ ಬಿಡಿಸಿ ಹೇಳಬೇಕಿತ್ತು. ಅವಳು ಉಪ್ಪಿನಕಾಯಿ ನೆಕ್ಕುತ್ತ ಕೇಳಿಸಿಕೊಂಡಳು.

"ಅಂದರ ಹೊಳಿ ಆಚೀ ಗದ್ದಿ ಬೀಜ ಅಂತ ಹೇಳಿ ಈಚೀ ಗದ್ದೀದು ಕೊಟ್ಟೀ."

"ಹೂಂ. ಹಂಗ."

"ಆ ಬಾಯಾರು ಅದನ್ನ ಖರೇ ಅಂತ ತಿಳದು ಮಂದಿ ಮುಂದ ನಿಂತು ಹೇಳಾವರು ಅದಾರ."

"ಹೇಳಿದರ ನನ್ನ ಕೆಲಸ ಹೋಕ್ಕೈತಿ, ಕಾತರಿನಾ. ಈ ವರ್ಷ ಕಾಯಂ ಮಾಡ್ತೇವಂದಾರ."

ಅವಳು ಬುತ್ತಿಯ ಬಟ್ಟೆ ಮಡಚಿದಳು. "ಕಾಯಂ ಆದ ಮ್ಯಾಲೆ ದಿನಾ ಅವರ ಮಾರಿ ನೋಡಬೇಕಲ್ಲ ನೀನು. ದಾಂಡೇಲಿಯೊಳಗ ಅವರ ಅಣ್ಣ ಅದಾನ ಅಂದಿದ್ದಿ. ಅವರು ಊರಿಗೆ ಬರೂದು ಯಾವಾಗ?"

"ಶ್ರಾವಣಕ್ಕ."

"ಅವಾಗ ಹೋಗು," ಎಂದು ಎದ್ದು ಕೆಸರಿಗಿಳಿದಳು.

ಶ್ರಾವಣದಲ್ಲಿ ಮಳೆ ಸ್ವಲ್ಪ ಹೊಳವಾದ ಒಂದು ದಿನ ಕಾಯತಾನ ಹಳಿಯಾಳದಲ್ಲಿ ಬಸ್ಸು ಬದಲಿಸಿ ದಾಂಡೇಲಿಗೆ ಹೋದ. ಗಿರಣಿಯ ವಸತಿಗಳ ಸಾಲಿನಲ್ಲಿ ಕೇಳುತ್ತ ಹೋಗಿ ಗುರುಬಸವ್ವನವರ ಅಣ್ಣ ಈಶಪ್ಪನ ಮನೆ ಹುಡುಕಿದ. ಈಶಪ್ಪ ಎರಡನೇ ಪಾಳಿಗೆ ಹೊರಟು ಸೈಕಲ್ ಒರೆಸುತ್ತಿದ್ದ.

"ಗುರವ್ವಾ, ನಿನ್ನ ಹಡಗದ ಮನಷ್ಯಾ ಬಂದಾನ ನೋಡು," ಎಂದು ಒಳಗೆ ಕೂಗಿ ಹೇಳಿ ಅವನು ಹೊರಟುಹೋದ.

ಗುರುಬಸವ್ವ ನಗುತ್ತ ಬಂದರು. "ಬಾ ಬಾ ಕಾಯತಾನ, ಕೂಡು. ಇಷ್ಟು ದೂರ ಬಂದೀಯಲ್ಲ. ಮನಿಯೊಳಗ ಎಲ್ಲಾ ಆರಾಮ ಅದಾರಿಲ್ಲೋ?"

"ಆರಾಮ ಅದಾರ್ರಿ." ಅವನು ಕಟ್ಟೆಯ ತುದಿಯಲ್ಲಿ ಕೂತ. ಚಹಾ ಬಂದು ಆರಿತು. ಆಮೇಲೆ ನೆಲ ನೋಡುತ್ತ ಹೇಳಿದ. "ಬಾಯಾರ, ಕೊನೀ ಸ್ಟೇಶನ್ನಿನ್ಯಾಗ ನಾ ಬಲಿ ಇಳಸಲಿಲ್ರಿ. ಅದು ದಂಡಿ ಹಂತೇಕ ಹೆಚ್ಚಿಗಾಗಿದ್ದ ಬಾಟ್ಲಿ. ಚೀಟಿ ನಾನ ಕಟ್ಟಿದೆ."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮುಖದ ನಗು ಹೋಗಿ ಬೇರೇನೂ ಬರಲಿಲ್ಲ. ಎದ್ದು ಒಳಗೆ ಹೋದರು, ಮತ್ತೆ ಬಂದು ಅಲ್ಲೇ ಕೂತರು.

"ಯಾಕ ಹಂಗ ಮಾಡಿದಿ?"

"ದಣದಿದ್ದೆರಿ."

ಅವರು ರಸ್ತೆಯ ಕಡೆ ನೋಡಿದರು. ಪಾಳಿಯ ಜನ ಗಿರಣಿ ಕಡೆ ಹೋಗುತ್ತಿದ್ದರು. ಕೊನೆಗೆ ಗುರುಬಸವ್ವ ಕೇಳಿದರು, "ಮತ್ತ ಯಾವ ಯಾವ ಬಾಟ್ಲಿ ಹಂಗ ತುಂಬೀ?"

ಕಾಯತಾನ ತಲೆಯೆತ್ತಿದ. ಈ ಪ್ರಶ್ನೆ ಬರುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. "ಅದೊಂದ ರೀ. ಉಳದದ್ದೆಲ್ಲಾ ಖರೇನರಿ. ಆಣಿ ಮಾಡ್ತೇನಿ."

"ಆಣಿ ಬ್ಯಾಡ. ನಂಬಬೇಕು ಅಂತ ಅನಸ್ತೈತಿ," ಎಂದರು ಗುರುಬಸವ್ವ. "ಆದರ ನನಗ ಅನಿಸಿದ್ದನ್ನ ಬರದು ಕೊಡಾಕ ಬರೂದಿಲ್ಲ. ಆ ಯಾನದ ಬಾಟ್ಲಿ ಯಾವುದೂ ಇನ್ನ ಉಪಯೋಗಿಲ್ಲ. ಹಿಂದಿನ ವರ್ಷದ್ದನ್ನೂ ಮತ್ತ ಮೊದಲಿಂದ ನೋಡಬೇಕು, ಎಲ್ಲಿ ಹೊಂದೂದಿಲ್ಲ ಅಂತ." ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಏಳು ವರ್ಷದಾಗ ನಂದು ಅಂತ ಹೇಳೂವಂಥಾದ್ದು ಅದೊಂದ ಸಿಕ್ಕಿತ್ತು."

ಅವನು ಹೊರಡಲು ಎದ್ದು ನಿಂತ. ಮುಂದಿನದನ್ನು ಕೇಳದೆ ಹೋಗಲಾಗಲಿಲ್ಲ. "ಮಳಿಗಾಲ ಮುಗದ ಮ್ಯಾಲೆ ನಾ ಬರಲೋ ಬ್ಯಾಡೋರಿ?"

"ಬಾ," ಎಂದರು ಅವರು, ಅವನ ಕಡೆ ನೋಡದೆ. "ಆ ಸಾಲಿನ್ಯಾಗ ಮತ್ತ ಬಲಿ ಎಳಿಯಾಕ ಯಾರರ ಬೇಕಲ್ಲ."

ಸೆಪ್ಟೆಂಬರಿನ ಸಭೆಯಲ್ಲಿ ಗುರುಬಸವ್ವ ಮಾತಾಡಲಿಲ್ಲ. ಮಾದರಿಯಲ್ಲಿ ತಪ್ಪಾಗಿದೆ ಎಂದು ಮೇಲಿನವರಿಗೆ ತಿಳಿಸಿ ಹೆಸರು ಹಿಂದಕ್ಕೆ ತೆಗೆದುಕೊಂಡರು. ಯಾರ ತಪ್ಪು ಎಂದು ಕೇಳಿದ್ದಕ್ಕೆ, ಇಬ್ಬರ ಕೆಲಸವನ್ನು ಒಬ್ಬನಿಂದ ಮಾಡಿಸಿದವರದು ಎಂದರಂತೆ. ಇದನ್ನು ಕಾಯತಾನನಿಗೆ ಹೇಳಿದವನು ಲಾಡಸಾಬ. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಸಂಸ್ಥೆಯವರು ಕಾಯತಾನನನ್ನು ಕೆಲಸದಿಂದ ತೆಗೆಯಲಿಲ್ಲ, ಕಾಯಂ ಕೂಡ ಮಾಡಲಿಲ್ಲ. ಅದರ ಬದಲು ಹೊಸ ಕಟ್ಟಳೆಯೊಂದು ಬಂತು. ಬಾಟಲಿಗೆ ಚೀಟಿ ಕಟ್ಟುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತು ನೋಡಬೇಕು. ಪ್ರತಿ ಸ್ಟೇಶನ್ನಿನಲ್ಲೂ ಯಾರೋ ಒಬ್ಬರು ಆಕಳಿಸುತ್ತ ಬಂದು ಅವನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಅದು ಅವನಿಗೆ ಚುಚ್ಚುತ್ತಿತ್ತು. ಸರಿಯಾದದ್ದೇ ಎಂದೂ ಅನ್ನಿಸುತ್ತಿತ್ತು.

ಮುಂದಿನ ಮೂರು ಚಳಿಗಾಲ ಹಡಗು ಅದೇ ಸಾಲಿಗೆ ಹೋಯಿತು. ಕೊನೆಯ ಸ್ಟೇಶನ್ ಬಂದಾಗಲೆಲ್ಲ ಗಾಳಿಯಿರಲಿ ಬಿಡಲಿ ಕಾಯತಾನ ಬಲೆ ಇಳಿಸಿದ. ಒಂದು ಸಲ ಸಾಲದೆಂದು ಎರಡು ಸಲ ಎಳೆದ. ಆ ಹುಳ ಅಲ್ಲಿ ಸಿಗಲಿ ಎಂಬ ಆಸೆ ಅವನೊಳಗಿತ್ತು; ಸಿಕ್ಕಿದ್ದರೆ ಬಾಯಾರದು ಬಾಯಾರಿಗೆ ಮರಳಿದಂತಾಗುತ್ತಿತ್ತು. ಆದರೆ ಪ್ರತಿ ವರ್ಷ ಗುರುಬಸವ್ವ ಬಾಟಲಿ ನೋಡಿ ಒಂದೇ ಮಾತು ಹೇಳುತ್ತಿದ್ದರು: "ಇಲ್ಲ. ಇವು ಆಚೀ ನೀರಿನವ." ಬಂಗಾಲದ ನೀರು ಎಲ್ಲರೂ ಮೊದಲು ಅಂದುಕೊಂಡಿದ್ದಲ್ಲಿಗೇ ನಿಲ್ಲುತ್ತಿತ್ತು. ಕೊನೆಗೆ ಅವರು ಅಷ್ಟನ್ನೇ ಬರೆದು ಪ್ರಕಟಿಸಿದರು. ಅದನ್ನು ಯಾರೂ ದೊಡ್ಡದು ಎನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ.

ಆ ಮೂರು ವರ್ಷ ಅವರ ನಡುವೆ ಕೆಲಸದ ಮಾತಷ್ಟೇ ಇತ್ತು. ಅವನು ಪೆಟ್ಟಿಗೆ ಇಳಿಸಿ ಬಾಗಿಲಲ್ಲೇ ತಿರುಗುತ್ತಿದ್ದ. 1983ರಲ್ಲಿ ಒಂದು ದಿನ ಹಾಗೇ ತಿರುಗಿದವನನ್ನು ಗುರುಬಸವ್ವ ಕರೆದರು. ಅವರ ತಲೆ ಆಗಲೇ ಅರ್ಧ ಬೆಳ್ಳಗಾಗಿತ್ತು.

"ಕಾಯತಾನ, ಭುಜಕ್ಕ ಏನು ಹಚ್ಚಾಕತ್ತೀ?"

"ಏನೂ ಇಲ್ರಿ. ಕಾತರಿನಾ ಎಣ್ಣಿ ಕಾಸಿ ಕೊಟ್ಟಾಳ."

"ಅದು ಎಣ್ಣಿಗೆ ಬಗ್ಗೂದಲ್ಲ. ಡಾಕ್ಟರಿಗೆ ತೋರಸು. ಕೂಡು, ಚಹಾ ಹೇಳ್ತೇನಿ."

ಅವನು ಕೂತ. ಇಬ್ಬರಿಗೂ ಮಾತಾಡಲು ಹೆಚ್ಚೇನೂ ಇರಲಿಲ್ಲ. ದಾಂಡೇಲಿಯಲ್ಲಿ ಈಶಪ್ಪನಿಗೆ ಬಡ್ತಿಯಾದದ್ದನ್ನು ಅವರು ಹೇಳಿದರು, ಒಂದು ಎಮ್ಮೆ ಸತ್ತದ್ದನ್ನು ಅವನು ಹೇಳಿದ.

ಎರಡು ವರ್ಷದ ನಂತರ ಬಲೆ ಎಳೆಯುವಾಗ ಭುಜದ ಕೀಲು ಕಳಚಿತು. ಹಡಗಿನಲ್ಲಿ ಯಾರೋ ಕೂರಿಸಿದರು, ಸರಿಯಾಗಿ ಕೂರಲಿಲ್ಲ. ವಾಸ್ಕೋದ ವೈದ್ಯರು ಇನ್ನು ಹಗ್ಗ ಹಿಡಿಯಬಾರದು ಅಂದರು. ಕಾಯತಾನ ಹಾಸಿಗೆ ಸುತ್ತಿಕೊಂಡು ರೈಲು ಹತ್ತಿದ. ಈ ಸಲ ಕೂರಲು ಜಾಗ ಸಿಕ್ಕಿತು.

ಆಮೇಲೆ ಅವನು ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಹೋಗತೊಡಗಿದ. ಒಂದೇ ಕೈಯಲ್ಲಿ ಆಗುವ ಕೆಲಸ, ಹೆಂಗಸರ ಜೊತೆ ನೆರಳಲ್ಲಿ ಕೂತು ಮಾಡುವಂಥದ್ದು. ಸಮುದ್ರ ಹೇಗಿರುತ್ತದೆ ಎಂದು ಅವರು ಕೇಳಿದರೆ "ಭಾಳ ದುಡಸ್ತೈತಿ" ಎಂದಷ್ಟೇ ಹೇಳುತ್ತಿದ್ದ. ಸಂಜೆ ಮನೆಗೆ ಬಂದರೆ ಕಾತರಿನಾ ಬಿಸಿನೀರು ಕಾಯಿಸಿಟ್ಟಿರುತ್ತಿದ್ದಳು. ಮೈ ತೊಳೆದು, ಅಂಬಲಿ ಕುಡಿದು, ಹೊರಗೆ ಇನ್ನೂ ಬೆಳಕಿರುವಾಗಲೇ ಅವನು ಚಾಪೆ ಹಾಸಿಕೊಳ್ಳುತ್ತಿದ್ದ. ಇಷ್ಟು ಬೇಗ ಮಲಗುತ್ತೀಯಾ ಎಂದು ಅವಳು ಕೇಳುವುದನ್ನು ಬಿಟ್ಟಿದ್ದಳು. ಕೋಳಿಗಳನ್ನು ಬೇರೆ ಕಡೆ ಅಟ್ಟಿ, ಬಾಗಿಲನ್ನು ಅರ್ಧ ಮುಂದೆ ಮಾಡಿ, ತನ್ನ ಉಳಿದ ಕೆಲಸಕ್ಕೆ ಹಿತ್ತಲಿಗೆ ಹೋಗುತ್ತಿದ್ದಳು.